ಗ್ಲಾಸಿನ ಹಾಲು, ಬಟ್ಟಲಿನ ಹಾಲು

ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ನಾನು ಅಂಗನವಾಡಿಯ ಕಟ್ಟೆಯ ಮೇಲೆ ಕುಳಿತು ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದೆ. ಫೋನ್ ಮಾಡಿದವನು ಅವರ ಮಗ. ಅವ್ವ ಬೆಳಗಿನ ಜಾವ ಹೋದಳು, ಮಧ್ಯಾಹ್ನದ ಮೇಲೆ ಮಣ್ಣು ಎಂದ. ಹೂಂ ಎಂದೆ. ಫೋನ್ ಕೆಳಗಿಟ್ಟು ಮತ್ತೆ ಹರಳು ಆರಿಸಿದೆ. ಅಕ್ಕಿ ತೊಳೆದೆ, ಕುಕ್ಕರ್ ಏರಿಸಿದೆ, ಮಕ್ಕಳಿಗೆ ಉಣಬಡಿಸಿದೆ, ತಟ್ಟೆ ತೊಳೆದು ಬೋರಲು ಹಾಕಿದೆ, ಬೀಗ ಹಾಕಿಕೊಂಡು ಕಟಕೋಳದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸಿಕ್ಕಿದ್ದಕ್ಕೆ ಸಮಾಧಾನವೂ ಆಯಿತು. ಅಷ್ಟೇ ಆದದ್ದು.

ಮಣ್ಣಿಗೆ ಬಂದವರಲ್ಲಿ ಬಹಳ ಜನ ಅತ್ತರು. ಅವರ ಕೈಯಲ್ಲಿ ಕಲಿತು ಈಗ ಮೀಸೆ ಬಂದವರೂ ಅತ್ತರು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದ ಅಕ್ಕೋರನ್ನು ನಾನು ನೋಡಿದೆ. ಯಾರೋ ಕನ್ನಡಕ ತೆಗೆದಿಟ್ಟಿದ್ದರು. ಕನ್ನಡಕವಿಲ್ಲದ ಆ ಮುಖ ನನಗೆ ಪರಿಚಯದ್ದೇ ಅಲ್ಲ ಅನ್ನಿಸಿತು. ಅಳು ಬರಬಹುದೆಂದು ಸೆರಗು ಕೈಯಲ್ಲಿ ಹಿಡಿದು ಕಾದೆ. ಬರಲಿಲ್ಲ. ಏನೂ ಅನ್ನಿಸದೇ ಇರುವುದು ನನಗೇ ಹೆದರಿಕೆ ಹುಟ್ಟಿಸಿತು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಇಬ್ಬರೂ ಬೆವರು ಸುರಿಸಿದವರು ನಾವು.

ಅಕ್ಕೋರು ಎಂದರೆ ನಮ್ಮ ಕಡೆ ಕಲಿಸುವ ಹೆಂಗಸು. ಸಾಲಿಯಲ್ಲಿರಲಿ, ಅಂಗನವಾಡಿಯಲ್ಲಿರಲಿ, ಎಲ್ಲರೂ ಅಕ್ಕೋರೇ. ಇವರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಊರಿನ ಹೆಸರು ಹೇಳಬೇಕು, ಊರು ಹೇಳಿದರೆ ಒಂದು ಮನೆಯ ಗುರುತು ಸಿಕ್ಕಿಬಿಡುತ್ತದೆ. ಕಟಕೋಳದಿಂದ ಸಿರಸಂಗಿಯ ಕಡೆ ಹೋಗುವಾಗ ಸಿಗುವ ಹಳ್ಳಿಗಳಲ್ಲಿ ಒಂದು ಎಂದರೆ ಸಾಕು. ಅವರು ಅಲ್ಲಿ ಕಾರ್ಯಕರ್ತೆ, ನಾನು ಸಹಾಯಕಿ. ಅವರು ಕಲಿಸುವುದು, ನಾನು ಬೇಯಿಸುವುದು. ಅವರು ನಿವೃತ್ತರಾದ ಮೇಲೆ ಅವರ ಕುರ್ಚಿ ನನಗೆ ಬಂತು. ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹಾಗಾಗಿ ಈಗ ಕಲಿಸುವುದೂ ನಾನೇ, ಬೇಯಿಸುವುದೂ ನಾನೇ.

ಅಕ್ಕೋರು ಸಣ್ಣ ಆಳು. ನಡಿಗೆ ಮಾತ್ರ ಫೌಜುದಾರನದು. ಬಸ್ಸಿನಿಂದ ಇಳಿದರೆಂದರೆ ಕೇರಿಯ ತಾಯಂದಿರು ಮಕ್ಕಳ ಮೂಗು ಒರೆಸಲು ಶುರುಮಾಡುತ್ತಿದ್ದರು. ನಗು ಕಡಿಮೆ. ಬಾಯಲ್ಲಿ ಸದಾ ಒಂದು ಲವಂಗ. ಸೆರಗಿನ ತುದಿಯಲ್ಲಿ ಒಂದು ಗಂಟು, ಅದರಲ್ಲಿ ಹುಣಸೆ ಬೀಜ. ಬೇರೆ ಹೆಂಗಸರು ಚಿಲ್ಲರೆ ಕಟ್ಟಿಕೊಳ್ಳುವ ಜಾಗ ಅದು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದಾಗ ಗಂಟು ಬಿಚ್ಚಿ ಅವನ ಕೈಗೆ ಬೀಜ ಸುರಿದಿದ್ದರಂತೆ. ಅವನು ಅದನ್ನು ಇಸಿದುಕೊಂಡು ಕಣ್ಣು ಪಿಳಿಪಿಳಿ ಬಿಟ್ಟನಂತೆ. ಇದನ್ನು ಅವರೇ ಹೇಳಿದ್ದು. ಹೇಳುವಾಗಲೂ ನಗಲಿಲ್ಲ.

ಆ ಬೀಜಗಳೇ ಅವರ ಪಾಠ. ನಮ್ಮ ಕೇಂದ್ರಕ್ಕೆ ಬರುವ ತಾಯಂದಿರಿಗೆ ಮಗು ನೂರರ ತನಕ ಎಣಿಸಬೇಕು ಎಂಬ ಆಸೆ. ಪಕ್ಕದ ಊರಿಂದ ಹಳದಿ ವ್ಯಾನು ಬಂದು ಕಾನ್ವೆಂಟಿಗೆ ಕರೆದೊಯ್ಯುವ ಮಕ್ಕಳು ಗಿಳಿಯ ಹಾಗೆ ಒಪ್ಪಿಸುತ್ತಿದ್ದವು. ನಮ್ಮವು ಯಾಕೆ ಒಪ್ಪಿಸುವುದಿಲ್ಲ ಎಂದು ತಾಯಂದಿರು ಅಕ್ಕೋರನ್ನು ಕೇಳುವರು.

"ಎಣಿಕಿ ಬಾಯಿಗೆ ಬರತೈತಿ ಬಿಡ್ರಿ. ಬಾಳ ಯಾವುದು, ಕಡಿಮಿ ಯಾವುದು ಅನ್ನೂದು ಮೊದಲ ಕಣ್ಣಿಗೆ ಬರಬೇಕು" ಎನ್ನುತ್ತಿದ್ದರು ಅಕ್ಕೋರು.

ಅವರು ಎಣಿಸಲು ಹೇಳುತ್ತಿರಲಿಲ್ಲ. ಜೋಡಿ ಹಚ್ಚಲು ಹೇಳುತ್ತಿದ್ದರು. ಬೆಳಿಗ್ಗೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳೇ ಮೊದಲ ಪಾಠ. ಕಾಲು ಹೆಚ್ಚೋ, ಚಪ್ಪಲಿ ಹೆಚ್ಚೋ? ಮಕ್ಕಳು ಒಬ್ಬೊಬ್ಬರಾಗಿ ಹೋಗಿ ತಮ್ಮ ಚಪ್ಪಲಿಯ ಮೇಲೆ ನಿಲ್ಲಬೇಕು. ಬರಿಗಾಲಲ್ಲಿ ಬಂದವರು ಪಕ್ಕಕ್ಕೆ ಉಳಿಯುವರು. ಉಳಿದದ್ದು ಯಾವುದೋ ಅದು ಹೆಚ್ಚು, ಅಷ್ಟೇ ಲೆಕ್ಕ. ಒಂದು ದಿನ ಒಂದೇ ಚಪ್ಪಲಿಯ ಮೇಲೆ ಒಂಟಿ ಕಾಲಲ್ಲಿ ನಿಂತ ಹುಡುಗನೊಬ್ಬ, ಇನ್ನೊಂದನ್ನು ನಾಯಿ ಒಯ್ದಿದೆ, ಹಾಗಾಗಿ ಇವತ್ತು ನಾಯಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ವಾದಿಸಿದ. ಅಕ್ಕೋರು ನಾಯಿಗೆ ಜಾಗ ಕೊಟ್ಟರು. ತಟ್ಟೆ ಹಂಚುವಾಗಲೂ ಹೀಗೇ. ಮಕ್ಕಳೇ ಹಂಚಬೇಕು, ತಟ್ಟೆ ಸಾಲದೆ ಹೋದರೆ ಯಾಕೆ ಸಾಲಲಿಲ್ಲ ಎಂದು ಅವರೇ ಹೇಳಬೇಕು. ಅಷ್ಟರಲ್ಲಿ ನನ್ನ ಸಾರು ಆರುತ್ತಿತ್ತು. ನಾನು ಗೊಣಗುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ.

ಒಮ್ಮೆ ಮೇಲ್ವಿಚಾರಕಿ ಬಂದಿದ್ದರು. ದಕ್ಷಿಣದ ಕಡೆಯವರು, ಹೊಸಬರು. ಒಂದು ಮಗುವಿನ ಮುಂದೆ ಬೀಜ ಇಟ್ಟು ಎಣಿಸು ಎಂದರು. ಮಗು ಶುರುಮಾಡಿತು: "ಲಾಭ, ಎರಡ, ಮೂರ, ನಾಕ." ಮೇಲ್ವಿಚಾರಕಿ ಇನ್ನೊಮ್ಮೆ ಎಣಿಸಲು ಹೇಳಿದರು. ಮತ್ತೆ ಲಾಭದಿಂದಲೇ ಶುರುವಾಯಿತು. ಇದೇನು ಎಂದು ಅವರು ಅಕ್ಕೋರ ಮುಖ ನೋಡಿದರು. ಕಣದಲ್ಲಿ ಜೋಳ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಈ ಕೂಸು ಎಣಿಕೆ ಕಲಿತದ್ದು ಅಪ್ಪನ ಪಕ್ಕದಲ್ಲಿ ಕಣದಲ್ಲಿ ಎಂದು ಅಕ್ಕೋರು ವಿವರಿಸಿದರು. ಮೇಲ್ವಿಚಾರಕಿ ನಕ್ಕು, ಹಾಗಾದರೆ ನಾನೂ ಇನ್ನು ಸಂಬಳವನ್ನು ಹಾಗೇ ಎಣಿಸುತ್ತೇನೆ ಎಂದರು. ಒಳ್ಳೆಯ ಹೆಂಗಸು. ಅವರು ಹೋದ ಮೇಲೆ ಅಕ್ಕೋರು ಬಹಳ ಹೊತ್ತು ಹುರುಪಿನಲ್ಲಿದ್ದರು. ಮೇಲಿನವರು ಮೆಚ್ಚಿದರೆ ಅವರಿಗೆ ಒಂದು ಬಗೆಯ ಸೊಕ್ಕು ಏರುತ್ತಿತ್ತು. ಸತ್ತವರ ಬಗ್ಗೆ ಹೀಗೆ ಬರೆಯಬಾರದು, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಸಣ್ಣ ಮಕ್ಕಳ ಕಣ್ಣು ಎಲ್ಲಿ ಮೋಸಹೋಗುತ್ತದೆ ಎಂಬುದು ಅಕ್ಕೋರಿಗೆ ಬಾಯಿಪಾಠವಾಗಿತ್ತು. ಎರಡು ಸಾಲು ಬೀಜ ಸರಿಸಮವಾಗಿ ಇಟ್ಟು, ಮಕ್ಕಳ ಕಣ್ಣೆದುರೇ ಒಂದು ಸಾಲನ್ನು ಅಗಲಿಸುವರು. ಅಗಲವಾದದ್ದೇ ಹೆಚ್ಚು ಎಂದು ಮಕ್ಕಳು ಒಂದೇ ದನಿಯಲ್ಲಿ ಕೂಗುವವು. ಒಂದು ರೊಟ್ಟಿ ಸಾಲದು ಎಂದು ಅಳುವ ಮಗುವಿಗೆ ಅದೇ ರೊಟ್ಟಿಯನ್ನು ಎರಡು ಮಾಡಿ ಕೊಟ್ಟರೆ ಕಣ್ಣೀರು ನಿಲ್ಲುತ್ತದೆ. ಇದು ನಮ್ಮ ಕಡೆಯ ಎಲ್ಲ ಅಜ್ಜಿಯರಿಗೂ ಗೊತ್ತು. ಎತ್ತರದ ಗ್ಲಾಸಿನ ನೀರನ್ನು ಅಗಲ ಬಟ್ಟಲಿಗೆ ಸುರಿದರೆ ನೀರು ಕಡಿಮೆಯಾಯಿತು ಎನ್ನುತ್ತವೆ. ಇದು ದಡ್ಡತನವಲ್ಲ, ವಯಸ್ಸು ಎನ್ನುತ್ತಿದ್ದರು ಅಕ್ಕೋರು.

"ಇವಕ್ಕ ಆರು ವರ್ಸ ಆಗೂ ತನಕ ನಾವು ಮೋಸ ಮಾಡಬಹುದು. ಆಮ್ಯಾಲ ಇವ ನಮಗ ಮಾಡತಾವ" ಎಂಬುದು ಅವರ ಮಾತು. ಆ ಮಾತಿಗೆ ನಾನು ನಗುತ್ತಿದ್ದೆ.

ಈಗ ಆ ಹುಡುಗಿಯ ವಿಷಯ. ಅವಳ ಹೆಸರನ್ನೂ ಬಿಡುತ್ತೇನೆ. ಊರಲ್ಲಿ ಹೊಲ ಮನೆ ಇದ್ದು, ಎರಡು ಎಮ್ಮೆ ಕಟ್ಟಿದ ಮನೆ. ಅಣ್ಣ ತಮ್ಮಂದಿರು ಕೂಡಿಯೇ ಇದ್ದರು. ಈ ಹುಡುಗಿ ತಮ್ಮನ ಮಗಳು. ಅಣ್ಣನಿಗೆ ಒಬ್ಬ ಮಗ, ಇವಳ ಓರಿಗೆಯವನೇ. ಇಬ್ಬರೂ ಕೈಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಹುಡುಗಿಯ ಅವ್ವ ಎರಡನೆಯ ಹೆರಿಗೆಗೆ ಬೈಲಹೊಂಗಲದ ಕಡೆಯ ತವರಿಗೆ ಹೋದಳು. ಅಪ್ಪ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯಲು ಹೋದವನು ಮನೆಗೆ ಬರುವುದೇ ಅಪರೂಪ. ಅಂಗನವಾಡಿ ತಪ್ಪಬಾರದೆಂದು ಹುಡುಗಿಯನ್ನು ದೊಡ್ಡವ್ವನ ಹತ್ತಿರ ಬಿಟ್ಟರು. ಅಪ್ಪನ ಅಣ್ಣನ ಹೆಂಡತಿ, ಅಂದರೆ ಆ ಹುಡುಗನ ತಾಯಿ. ಒಳ್ಳೆಯ ಹೆಂಗಸು ಎಂದೇ ಊರಲ್ಲಿ ಹೆಸರು. ಈಗಲೂ ಇದೆ.

ಅವ್ವ ಹೋದ ಕೆಲವು ದಿನಕ್ಕೆ ಹುಡುಗಿ ಅಕ್ಕೋರ ಸೆರಗು ಜಗ್ಗಿ ಹೇಳಿದಳು: "ಅವಗ ಬಾಳ ಹಾಲ ಐತಿ."

ಯಾರಿಗೆ ಎಂದು ಕೇಳಿದರು. ಅಣ್ಣಗ ಎಂದಳು. ದೊಡ್ಡವ್ವನ ಮಗನನ್ನು ಅವಳು ಕರೆಯುವುದು ಹಾಗೆ. ದೊಡ್ಡವ್ವ ಸಂಜೆ ಹಾಲು ಕೊಡುತ್ತಾಳೆ, ಅಣ್ಣನಿಗೆ ಹೆಚ್ಚು, ತನಗೆ ಇಷ್ಟೇ ಎಂದು ಬೆರಳು ತೋರಿಸಿದಳು. ಅಕ್ಕೋರು ಎರಡನೆಯ ಪ್ರಶ್ನೆ ಕೇಳಿದರು. ಅಣ್ಣ ಯಾವುದರಲ್ಲಿ ಕುಡಿಯುತ್ತಾನೆ? ಗಲಾಸಿನ್ಯಾಗ. ನೀನು? ಬಟ್ಲದಾಗ.

ಅಕ್ಕೋರ ಮುಖ ಅರಳಿತು. ಆ ಅರಳಿದ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಮಗುವೊಂದು ತಾನಾಗಿಯೇ ಪಾಠಕ್ಕೆ ಬಂದು ಬಿದ್ದಿತ್ತು. ಎಲ್ಲ ಮಕ್ಕಳನ್ನೂ ಸುತ್ತ ಕೂರಿಸಿದರು. ನನ್ನ ಕೈಯಿಂದ ಸ್ಟೀಲ್ ಗ್ಲಾಸು, ಬಟ್ಟಲು ತರಿಸಿದರು. ಗ್ಲಾಸಿನಲ್ಲಿ ನೀರು ತುಂಬಿ ತೋರಿಸಿ, ಒಂದು ಹನಿ ಚೆಲ್ಲದೆ ಬಟ್ಟಲಿಗೆ ಸುರಿದರು. ಚೆಲ್ಲಲಿಲ್ಲ, ಯಾರೂ ಕುಡಿಯಲಿಲ್ಲ, ಹಾಗಾದರೆ ನೀರು ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಅಷ್ಟೇ ಇದೆ, ಸಮ ಇದೆ. ಮತ್ತೆ ಬಟ್ಟಲಿನಿಂದ ಗ್ಲಾಸಿಗೆ. ಮತ್ತೆ ಗ್ಲಾಸಿನಿಂದ ಬಟ್ಟಲಿಗೆ.

ಹುಡುಗಿ ನೋಡಿದಳು. ನೋಡಿ, "ಅವಗ ಬಾಳ ಐತಿ" ಎಂದಳು.

ಮರುದಿನ ಮತ್ತೆ ಸುರಿದು ತೋರಿಸಿದರು. ಅದರ ಮರುದಿನವೂ. ಹುಡುಗಿಯದು ಒಂದೇ ಮಾತು. ಅಕ್ಕೋರಿಗೂ ಹಟ ಬಂತು. ನೀರಿಗೆ ಅರಿಶಿನ ಕಲಸಿ ತೋರಿಸಿದರು, ಹಾಲೇ ತಂದು ತೋರಿಸಿದರು. ಒಂದು ದಿನ, ಸುರಿಯುವುದು ಮುಗಿದ ಮೇಲೆ, ಹುಡುಗಿ ಅಕ್ಕೋರ ಕಡೆ ನೋಡಿ ಮೆಲ್ಲಗೆ "ಸಮ ಐತ್ರಿ" ಎಂದಳು. ಅಕ್ಕೋರು ಅವಳನ್ನು ಎತ್ತಿಕೊಂಡರು. ಯಾವ ಮಗುವನ್ನೂ ಅವರು ಹಾಗೆ ಎತ್ತಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಬೆಲ್ಲದ ಚೂರು ಕೊಟ್ಟರು, ಎಲ್ಲರಿಂದಲೂ ಚಪ್ಪಾಳೆ ಹೊಡೆಸಿದರು. ಮುಂದಿನ ಸಲ ಮೇಲ್ವಿಚಾರಕಿ ಬಂದಾಗ ಅವಳನ್ನೇ ಮುಂದೆ ನಿಲ್ಲಿಸಿದರು. ಅಣ್ಣ ಎಂದು ಅವಳು ಕರೆಯುವ ಹುಡುಗ ಗ್ಲಾಸಿನಲ್ಲಿ ಹೆಚ್ಚು ಎಂದ. ಹುಡುಗಿ ಸಮ ಎಂದಳು. ಈ ವಯಸ್ಸಿಗೆ ಇದು ಬರುವುದಿಲ್ಲವಲ್ಲ ಎಂದು ಮೇಲ್ವಿಚಾರಕಿ ಬೆರಗಾದರು. ಅಕ್ಕೋರು ಲವಂಗ ಅಗಿಯುತ್ತಾ ನಿಂತಿದ್ದರು.

ಆ ದಿನಗಳಲ್ಲೇ ಹುಡುಗಿ ಸೊರಗುತ್ತಾ ಬಂದಳು. ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತೇವಲ್ಲ, ಅದು ಹಸಿರಿನಲ್ಲಿ ಇದ್ದದ್ದು ಸೊರಗಿದ ಮಕ್ಕಳ ಹಳದಿಗೆ ಬಂತು. ಮಧ್ಯಾಹ್ನ ನಮ್ಮಲ್ಲಿ ಹಾಕಿದ್ದನ್ನು ಬಳಿದು ತಿನ್ನುತ್ತಿದ್ದಳು. ಈ ಕೂಸು ಹಸಿದು ಬರುತ್ತದೆ ಎಂದು ನಾನು ಅಕ್ಕೋರಿಗೆ ಹೇಳಿದೆ. ಅವ್ವನ ಹಂಬಲ, ಹಂಬಲಿಸುವ ಕೂಸು ಒಮ್ಮೊಮ್ಮೆ ಹಾಗೇ ತಿನ್ನುತ್ತದೆ, ಮೈಗೆ ಮಾತ್ರ ಹತ್ತುವುದಿಲ್ಲ ಎಂದರು. ದೊಡ್ಡವ್ವನೂ ಅದನ್ನೇ ಹೇಳಿದಳು. ಊರೂ ಅದನ್ನೇ ಹೇಳಿತು. ತಾಯಿಯ ಹಂಬಲ ಎಂದರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ.

ತೂಕ ಇನ್ನೂ ಇಳಿದಾಗ ಮನೆ ಭೇಟಿ ಮಾಡಲೇಬೇಕಾಯಿತು. ನಿಯಮ ಹಾಗಿದೆ. ಅಕ್ಕೋರು ನಾಲ್ಕರ ಬಸ್ಸು ಬಿಟ್ಟು ಉಳಿದರು. ನಾನೂ ಜೊತೆಗೆ ಹೋದೆ. ಎಮ್ಮೆ ಹಿಂಡುವ ಹೊತ್ತು. ಬಾಗಿಲು ತೆರೆದಿತ್ತು. ನಾವು ಹೊಸ್ತಿಲಲ್ಲಿ ನಿಂತಾಗ ದೊಡ್ಡವ್ವ ನಮ್ಮ ಕಡೆ ಬೆನ್ನು ಹಾಕಿ ಒಲೆಯ ಮುಂದೆ ಕುಳಿತು ಹಾಲು ಬಗ್ಗಿಸುತ್ತಿದ್ದಳು. ಮಕ್ಕಳಿಬ್ಬರೂ ಅವಳ ಪಕ್ಕಕ್ಕೆ, ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದರು.

ಹುಡುಗನ ಗ್ಲಾಸಿಗೆ ಕಂಠಮಟ್ಟ ಬಂತು. ಹುಡುಗಿಯ ಬಟ್ಟಲಿನ ತಳ ಬೆಳ್ಳಗಾಯಿತು, ಅಷ್ಟೇ. ಆಮೇಲೆ ತಂಬಿಗೆಯಿಂದ ನೀರು ಬಿತ್ತು. ಇದನ್ನು ನೋಡಲು ಯಾವ ಪಾಠವೂ ಬೇಕಿರಲಿಲ್ಲ. ಹುಟ್ಟುಗುರುಡರೂ ಸದ್ದಿನಿಂದ ಹೇಳಬಹುದಿತ್ತು.

ಹುಡುಗಿ ತಲೆ ಎತ್ತಿದಳು. ಬಾಗಿಲಲ್ಲಿ ಅಕ್ಕೋರನ್ನು ಕಂಡಳು. ಗ್ಲಾಸು ನೋಡಿದಳು, ಬಟ್ಟಲು ನೋಡಿದಳು, ಮತ್ತೆ ಅಕ್ಕೋರನ್ನು ನೋಡಿದಳು. ಕೇಂದ್ರದಲ್ಲಿ ಪಾಠ ಒಪ್ಪಿಸುವ ಹಾಗೆ ಕೈಕಟ್ಟಿಕೊಂಡು, "ಸಮ ಐತ್ರಿ ಅಕ್ಕೋರ" ಎಂದಳು.

ದೊಡ್ಡವ್ವ ತಿರುಗಿ ನೋಡಿ ನಕ್ಕಳು. ಅವಳಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. "ಬರ್ರಿ, ಕುಂಡ್ರಬರ್ರಿ. ಎಷ್ಟ ಶಾಣೆ ಆಗ್ಯಾಳ ನೋಡ್ರಿ. ಮೊದಲ ದಿನಾ ಸಂಜಿಕ್ಕ ಅಳತಿದ್ಳು, ಅವಗ ಬಾಳ ಅವಗ ಬಾಳ ಅಂತ. ನೀವು ಕಲಿಸಿದ ಮ್ಯಾಲ ಸುಮ್ಮ ಆಗ್ಯಾಳ."

ಹೆಣ್ಣುಮಕ್ಕಳಿಗೆ ಹಾಲು ತುಪ್ಪ ಹೆಚ್ಚು ಹಾಕಬಾರದು, ಬೇಗ ಮೈನೆರೆಯುತ್ತಾರೆ ಎಂದು ತನ್ನ ಅತ್ತೆ ಹೇಳುತ್ತಿದ್ದರಂತೆ. ತನ್ನನ್ನೂ ತವರಲ್ಲಿ ಹಾಗೇ ಬೆಳೆಸಿದರಂತೆ, ತನಗೇನಾಗಿದೆ? ರೊಟ್ಟಿಯ ಮಾತೂ ಬಂತು. ಗಂಡುಹುಡುಗ ತಿಂದು ಉಳಿದದ್ದರಲ್ಲಿ ಇವಳಿಗೆ ಸಾಕು, ಮಧ್ಯಾಹ್ನ ಹೇಗೂ ನಿಮ್ಮಲ್ಲಿ ಉಣ್ಣುತ್ತಾಳಲ್ಲ ಎಂದಳು. ಇದನ್ನೆಲ್ಲ ಹೇಳುತ್ತಲೇ ನಮಗೆ ಚಹಾ ಇಟ್ಟಳು. ನಮ್ಮ ಕಡೆ ಚಹಾ ಕುಡಿಯದೆ ಮನೆಯಿಂದ ಎದ್ದು ಬರುವಂತಿಲ್ಲ.

ಅಕ್ಕೋರು ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ನಾನು ಕಾದೆ. ಮೂಗು ಒರೆಸದ್ದಕ್ಕೆ ಕೇರಿ ನಡುಗಿಸುವ ಹೆಂಗಸು. ಅವರು ಚಹಾ ಬಸಿಗೆ ಸುರಿದುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಪೂರ್ತಿ ಕುಡಿದರು. ಬಸಿ ಕೆಳಗಿಟ್ಟು, "ಬರತೇನ್ರಿ" ಎಂದು ಎದ್ದರು. ನನಗೆ ಮೈಯೆಲ್ಲ ಉರಿದಿತ್ತು. ದಾರಿಯಲ್ಲಿ ನಾನೇ ಬೈದೆ, ಆ ದೊಡ್ಡವ್ವನ ವಂಶವನ್ನೆಲ್ಲ ಎಳೆದು ಬೈದೆ.  ಬಸ್ಸು ನಿಲ್ಲುವ ಬೇವಿನಮರದ ಕೆಳಗೆ ಬಂದ ಮೇಲೆ ಅಕ್ಕೋರು ಒಂದೇ ಮಾತು ಹೇಳಿದರು.

"ಆಕಿ ಬರೇ ಹಾಲು ಕಡಿಮಿ ಹಾಕ್ಯಾಳ, ತಂಗಿ. ಬಾಯಿ ಮುಚ್ಚಿಸಿದಾಕಿ ನಾನು."

ಮಾಡಬೇಕಾದ್ದನ್ನೆಲ್ಲ ಅವರು ಮಾಡಿದರು. ಮರುದಿನವೇ ಹುಡುಗಿಯನ್ನು ಸವದತ್ತಿಯ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಕೆಲವು ದಿನ ಇಟ್ಟುಕೊಂಡರು. ಬಾಣಂತಿಯಾಗಿದ್ದ ಅವಳ ಅವ್ವನಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಆಕೆ ಫೋನಿನಲ್ಲಿ ಬಹಳ ಹೊತ್ತು ಅತ್ತಳು, ಕೂಸಿಗೆ ಹೆಸರಿಡುವ ಶಾಸ್ತ್ರ ಮುಗಿದ ಕೂಡಲೇ ಬಂದು ಮಗಳನ್ನು ತವರಿಗೆ ಕರೆದೊಯ್ಯುತ್ತೇನೆ ಎಂದಳು. ಹಾಗೇ ಮಾಡಿದಳು ಕೂಡ. ದೊಡ್ಡವ್ವ ನಾಲ್ಕು ದಿನ ಮುಖ ಊದಿಸಿಕೊಂಡಳು, ಮನೆಯ ಮರ್ಯಾದೆ ಬೀದಿಗೆ ತಂದರು ಎಂದಳು, ಆಮೇಲೆ ಎಂದಿನಂತೆ ಮಗನನ್ನು ಕಳಿಸಿದಳು. ಊರು ಮರೆಯಿತು. ಊರಿಗೆ ಬೇರೆ ಕೆಲಸ ಇರುತ್ತದೆ.

ಮರೆಯದವರು ಅಕ್ಕೋರು ಒಬ್ಬರೇ. ಆದರೆ ಅದು ಹೊರಗೆ ಕಾಣುತ್ತಿರಲಿಲ್ಲ. ಅತ್ತದ್ದಿಲ್ಲ, ಆ ಮಾತು ಮತ್ತೆ ತೆಗೆದದ್ದಿಲ್ಲ. ಬರುವರು, ಕಲಿಸುವರು, ಹೋಗುವರು. ಮೊದಲಿನ ಬಿರುಸು ಮಾತ್ರ ಇರಲಿಲ್ಲ. ತಾಯಂದಿರನ್ನು ಬೈಯುವುದು ನಿಂತಿತು. ಮಕ್ಕಳ ಮೂಗು ತಾವೇ ಒರೆಸುವರು. ಯಾವುದಾದರೂ ಮಗು ಅವನಿಗೆ ಹೆಚ್ಚು ನನಗೆ ಕಡಿಮೆ ಎಂದು ಗೋಳಾಡಿದರೆ, ಅದು ಸುಳ್ಳೇ ಇರಲಿ, ಎದ್ದು ಹೋಗಿ ಎರಡೂ ತಟ್ಟೆ ಮುಂದಿಟ್ಟುಕೊಂಡು ನೋಡುವರು. ಎಷ್ಟು ಹೊತ್ತಾದರೂ ನೋಡುವರು. ನಾನು ಸೌಟು ಹಿಡಿದು ನಿಂತಿರುತ್ತಿದ್ದೆ, ಆದರೆ ಈಗ ಗೊಣಗುತ್ತಿರಲಿಲ್ಲ. ಮೇಲ್ವಿಚಾರಕಿ ಬಂದು, ಆ ಜಾಣ ಹುಡುಗಿ ಎಲ್ಲಿ ಎಂದು ಕೇಳಿದಾಗ, ತಾಯಿಯ ತವರಿಗೆ ಹೋಗಿದ್ದಾಳೆ ಎಂದಷ್ಟೇ ಹೇಳಿದರು. ಗ್ಲಾಸು ಬಟ್ಟಲಿನ ಪಾಠವನ್ನು ನಿವೃತ್ತಿಯ ತನಕ ಮತ್ತೆ ಮಾಡಲಿಲ್ಲ. ತರಬೇತಿಯಲ್ಲಿ ಆ ಪಾಠ ಬಂದಾಗ ಹೊರಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ನಿವೃತ್ತಿಯ ದಿನ ಶಾಲು ಹೊದಿಸಿ ನಾಲ್ಕು ಮಾತು ಹೇಳಿ ಎಂದು ಎಲ್ಲರೂ ಒತ್ತಾಯಿಸಿದಾಗ ಎದ್ದು ನಿಂತು ಕೈಮುಗಿದು ಕುಳಿತರು. ವಿನಯ ಎಂದುಕೊಂಡು ಜನ ಚಪ್ಪಾಳೆ ಹೊಡೆದರು.

ಅವರ ಮನೆಯಿಂದ ಮಣ್ಣು ಮುಗಿಸಿ ಬರುವಾಗ ಬಸ್ಸಿನಲ್ಲಿ ನನಗೆ ನೆನಪಾದದ್ದು ಅವರ ಪಾಠಗಳಲ್ಲ, ಶಾಲೂ ಅಲ್ಲ. ಹುಡುಗಿ ದವಾಖಾನೆಯಿಂದ ಬಂದ ಮೇಲಿನ ಆ ಕೆಲವು ದಿನಗಳು. ಅವಳ ಅವ್ವ ಬರುವುದಕ್ಕೆ ಮುಂಚಿನವು.

ಹುಡುಗಿಯ ಮೈ ಸ್ವಲ್ಪ ತುಂಬಿಕೊಂಡಿತ್ತು. ಆದರೆ ಏನು ಕೇಳಿದರೂ ಸಮ ಎನ್ನುತ್ತಿದ್ದಳು. ಅಕ್ಕೋರು ಒಂದು ಕಡೆ ಒಂದೇ ಬೀಜ, ಇನ್ನೊಂದು ಕಡೆ ಒಂದು ಹಿಡಿ ಬೀಜ ಇಟ್ಟು, ಯಾವ ಕಡೆ ಬಾಳ ಅದಾವ ಎಂದು ಕೇಳಿದರು. ಹುಡುಗಿ ಬೀಜಗಳ ಕಡೆ ನೋಡಲೇ ಇಲ್ಲ. ಅಕ್ಕೋರ ಮುಖ ನೋಡಿದಳು. ನೋಡಿ, "ಸಮ ಐತ್ರಿ" ಎಂದಳು. ಅಕ್ಕೋರು ಬೀಜ ಬಾಚಿ ಗಂಟಿಗೆ ಹಾಕಿಕೊಂಡರು. ಗಂಟು ಸರಿಯಾಗಿ ಬೀಳದೆ ಒಂದೆರಡು ಕೆಳಗೆ ಬಿದ್ದವು, ಮಕ್ಕಳು ಆರಿಸಿ ಕೊಟ್ಟವು.

ಮರುದಿನ ಮೊಳಕೆ ಕಾಳಿನ ಉಸುಳಿ ಮಾಡಿದ್ದೆ. ಹುಡುಗನಿಗೆ ಎರಡು ಸೌಟು, ಹುಡುಗಿಗೆ ಒಂದು ಚಮಚ ಹಾಕು ಎಂದರು ಅಕ್ಕೋರು. ನಾನು ತಬ್ಬಿಬ್ಬಾದೆ. ಹಾಕು, ನಾನು ಹೇಳಿದ ಮೇಲೆ ಉಳಿದದ್ದು ಹಾಕುವಿಯಂತೆ ಎಂದರು. ಹಾಕಿದೆ. ಇಬ್ಬರೂ ಪಕ್ಕಪಕ್ಕದಲ್ಲೇ ಕುಳಿತಿದ್ದರು. ಅಕ್ಕೋರು ಅವರ ಮುಂದೆ ಬಂದು ನಿಂತರು. ಹುಡುಗಿ ಕತ್ತೆತ್ತಿ ಅವರ ಮುಖ ನೋಡಿದಳು. ಆಗ ಅಕ್ಕೋರು ತಿರುಗಿ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಹಣ್ಣುಗಳ ಚಿತ್ರ ಅಂಟಿಸಿದ ಗೋಡೆ ಅದು.

"ಈಗ ಹೇಳವ್ವಾ. ಯಾರಿಗೆ ಬಾಳ ಐತಿ?"

ಹುಡುಗಿ ನನ್ನ ಕಡೆ ನೋಡಿದಳು. ನಾನೂ ಮುಖ ತಿರುಗಿಸಿಕೊಂಡೆ.   ಹೊರಗೆ ಯಾರದೋ ಟ್ರ್ಯಾಕ್ಟರ್ ಹೋಯಿತು. ಅಕ್ಕೋರು ಮತ್ತೆ ಕೇಳಲಿಲ್ಲ, ಅಲುಗಲೂ ಇಲ್ಲ. ಉಸುಳಿ ಆರಿತು.

"ಅವಗ ಬಾಳ ಐತಿ."

ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿ. ಅಕ್ಕೋರ ಹೆಗಲು ಒಮ್ಮೆ ಏರಿ ಇಳಿಯಿತು. ಗೋಡೆಯ ಕಡೆ ಇದ್ದ ಹಾಗೇ ಅವರು ಹೇಳಿದರು:

"ಖರೆ ಐತಿ. ಅವಗ ಬಾಳ ಐತಿ. ನೀ ಮೊದಲ ಹೇಳಿದ್ದೂ ಖರೆನ ಇತ್ತು."

ನಾನು ಹೋಗಿ ಹುಡುಗಿಯ ತಟ್ಟೆಗೆ ಉಸುಳಿ ಹಾಕಿದೆ, ತಟ್ಟೆ ತುಂಬುವಷ್ಟು ಹಾಕಿದೆ. ಅವಳು ಕೈ ಹಚ್ಚಲಿಲ್ಲ. ಹೇಳಿದ್ದು ಸರಿಯೋ ತಪ್ಪೋ ತಿಳಿಯಲು, ಅಕ್ಕೋರು ಯಾವಾಗ ಈ ಕಡೆ ತಿರುಗುತ್ತಾರೆ ಎಂದು ಅವರ ಬೆನ್ನನ್ನೇ ನೋಡುತ್ತಾ ಕುಳಿತಿದ್ದಳು.